ಮರದ ಐ-ಬೀಮ್ ಪಕಾಸಿನ ಮಾಡು: ಭಾರವೆಲ್ಲ ಎಲ್ಲಿಗೆ ಹೋಗುತ್ತದೆ?

ಮರದ ಐ-ಬೀಮನ್ನು ಮೊದಲ ಸಲ ನೋಡಿದರೆ ಮಲೆನಾಡಿನ ಹಳೇ ಬಡಗಿ ನಗದೆ ಇರಲಾರ. ಮೇಲೊಂದು ಮರದ ಪಟ್ಟಿ, ಕೆಳಗೊಂದು ಮರದ ಪಟ್ಟಿ. ನಡುವೆ ಕಿರುಬೆರಳಿಗಿಂತ ತೆಳ್ಳಗಿನ ಹಲಗೆ. ಅದೂ ಇಡೀ ಮರವಲ್ಲ, ಮರದ ಚಕ್ಕೆಗಳನ್ನು ಅಂಟು ಹಾಕಿ ಒತ್ತಿದ್ದು. ಹಲಸು, ಬೋಗಿ ಮರದ ಪಕಾಸು, ಅಂದರೆ ಮಾಡಿನ ನೆತ್ತಿಯಿಂದ ಗೋಡೆಗೆ ಓರೆಯಾಗಿ ಇಳಿಯುವ ಮರ, ನೋಡಿ ಬೆಳೆದ ಕಣ್ಣಿಗೆ ಇದು ಪ್ಯಾಕಿಂಗ್ ಪೆಟ್ಟಿಗೆಯ ಸಾಮಾನಿನ ಹಾಗೆ ಕಾಣುತ್ತದೆ. ಆದರೆ ಅಮೆರಿಕ, ಕೆನಡಾ, ಸ್ವೀಡನ್, ಜರ್ಮನಿಯಲ್ಲಿ ಚಳಿಗಾಲವಿಡೀ ಹಿಮ ಹೊತ್ತು ನಿಲ್ಲುವ ಎಷ್ಟೋ ಮನೆಗಳ ಮಾಡಿನಲ್ಲಿ ಇವೇ ಪಕಾಸು.

ಬಡಗಿ ಹೆದರುವುದು ಆ ತೆಳು ಹಲಗೆಗೆ. ಅದು ತಪ್ಪು ಹೆದರಿಕೆ. ಹೆದರಬೇಕಾದ ಜಾಗ ಬೇರೆ ಇದೆ, ಮಾಡಿನ ನೆತ್ತಿಯಲ್ಲಿ. ಗಟ್ಟಿ ಮರದ, ಅಂದರೆ ಇಡೀ ಮರದ, ಪಕಾಸನ್ನು ತೆಗೆದು ಅದರ ಜಾಗಕ್ಕೆ ಐ-ಬೀಮ್ ಇಟ್ಟರೆ ಆಯ್ತಲ್ಲ ಅಂದುಕೊಂಡರೆ ಮಾಡು ಕೂರುವುದಿಲ್ಲ, ಕುಸಿಯುತ್ತದೆ. ಯಾಕೆ ಅನ್ನುವುದೇ ಈ ಲೇಖನದ ವಿಷಯ.

ರೈಲು ಹಳಿಯ ಬುದ್ಧಿ

ನಮ್ಮ ಕಡೆ ಹಳೇ ಕಟ್ಟಡಗಳಲ್ಲಿ ತಾರಸಿಗೆ ರೈಲು ಕಂಬಿ ಹಾಕಿರುವುದನ್ನು ನೀವು ನೋಡಿರಬಹುದು. ಆ ಕಂಬಿಯನ್ನು ಅಡ್ಡ ಕೊಯ್ದು ನೋಡಿ. ಮೇಲೆ ದಪ್ಪ ತಲೆ, ಕೆಳಗೆ ಅಗಲ ಪಾದ, ನಡುವೆ ಸಣ್ಣ ಸೊಂಟ. ಎರಡು ತುದಿಯಲ್ಲಿ ಆಧಾರ ಕೊಟ್ಟು ನಡುವೆ ಭಾರ ಹಾಕಿದರೆ ಯಾವ ತೊಲೆಯೇ ಆಗಲಿ ಸ್ವಲ್ಪ ಬಾಗುತ್ತದೆ. ಬಾಗಿದಾಗ ಅದರ ಮೇಲಂಚು ಹಿಂಡಿಕೊಳ್ಳುತ್ತದೆ, ಕೆಳಂಚು ಎಳೆದುಕೊಳ್ಳುತ್ತದೆ. ಸರಿಯಾಗಿ ನಡುವೆ ಇರುವ ಮರ ಹಿಂಡಿಕೊಳ್ಳುವುದೂ ಇಲ್ಲ, ಎಳೆದುಕೊಳ್ಳುವುದೂ ಇಲ್ಲ. ಸುಮ್ನೆ ಕೂತಿರುತ್ತದೆ. ಹಾಗಿದ್ದ ಮೇಲೆ ಅಲ್ಲಿ ಅಷ್ಟೊಂದು ಮರ ಯಾಕೆ? ಅದನ್ನು ತೆಗೆದು ಎರಡು ಅಂಚಿಗೆ ಸೇರಿಸಿದರೆ ಐ-ಬೀಮ್ ಆಯಿತು.

ಮರದಲ್ಲಿ ಇದನ್ನು ಕಾರ್ಖಾನೆ ಸಾಮಾನಾಗಿ ಮಾರುಕಟ್ಟೆಗೆ ತಂದವರು ಅಮೆರಿಕದ ಐಡಹೋ ರಾಜ್ಯದ ಬಾಯ್ಸಿ ಊರಿನ ಇಬ್ಬರು. ಆರ್ಟ್ ಟ್ರೌಟ್ನರ್ ವಾಸ್ತುಶಿಲ್ಪಿ, ಹೆರಾಲ್ಡ್ ಥಾಮಸ್ ಮರದ ವ್ಯಾಪಾರದವರು. 1960ರಲ್ಲಿ ಟ್ರಸ್ ಜಾಯಿಸ್ಟ್ ಕಂಪನಿ ಶುರು ಮಾಡಿದರು. 1969ರಲ್ಲಿ ಐ-ಬೀಮ್ ಹೊರಬಂತು. ಆಗ ನಡುಹಲಗೆ ಪ್ಲೈವುಡ್‌ನದು. ಈಗ ಅಲ್ಲಿ ಹೆಚ್ಚಾಗಿ ಓಎಸ್‌ಬಿ ಇರುತ್ತದೆ, ಅಂದರೆ ಚಕ್ಕೆ ಒತ್ತಿದ ಹಲಗೆ. ಯುರೋಪಿನ ಕೆಲವರು ಹಾರ್ಡ್‌ಬೋರ್ಡ್ ಹಾಕುತ್ತಾರೆ. ಮೇಲಿನ, ಕೆಳಗಿನ ಪಟ್ಟಿಗಳು ಆಯ್ದ ಇಡೀ ಮರದವು, ಇಲ್ಲವೇ ಎಲ್‌ವಿಎಲ್. ಎಲ್‌ವಿಎಲ್ ಅಂದರೆ ತೆಳು ಮರದ ಪದರಗಳನ್ನು ನಾರು ಒಂದೇ ದಿಕ್ಕಿಗೆ ಬರುವಂತೆ ಅಂಟಿಸಿದ್ದು. ಉತ್ತರ ಅಮೆರಿಕದಲ್ಲಿ ಸಿಗುವ ಸಾಮಾನ್ಯ ಎತ್ತರಗಳು 241, 302, 356 ಮತ್ತು 406 ಮಿಲಿಮೀಟರ್. 302ರ ಬೀಮು ಮೀಟರಿಗೆ ಸುಮಾರು 4 ಕೆಜಿ ತೂಗುತ್ತದೆ. ಇಬ್ಬರು ಆರಾಮಾಗಿ ಹೊತ್ತು ಏಣಿ ಹತ್ತಬಹುದು.

ಅಂಕಿ ಇಲ್ಲದೆ ಈ ವಿಷಯ ತಲೆಗೆ ಹೋಗುವುದಿಲ್ಲ. ಹಾಗಾಗಿ ಒಂದು ಮನೆಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಹಿಮ ಬೀಳುವ ಊರು. ಮನೆ 9 ಮೀಟರ್ ಅಗಲ, 12 ಮೀಟರ್ ಉದ್ದ. ಎರಡು ಕಡೆ ಇಳಿಜಾರಿನ ಮಾಡು. ಇಳಿಜಾರು 12ಕ್ಕೆ 6, ಅಂದರೆ 12 ಅಡಿ ಅಡ್ಡ ಹೋದರೆ 6 ಅಡಿ ಮೇಲೆ. ನೆತ್ತಿ ಗೋಡೆಗಿಂತ 2.25 ಮೀಟರ್ ಎತ್ತರದಲ್ಲಿರುತ್ತದೆ. ಪಕಾಸುಗಳ ಅಂತರ 60 ಸೆಂಟಿಮೀಟರ್. ಹಿಮ ಮತ್ತು ಮಾಡಿನ ಸ್ವಂತ ತೂಕ ಸೇರಿ ಚದರ ಮೀಟರಿಗೆ 250 ಕೆಜಿ ಅನ್ನೋಣ. ನಮ್ಮ ಮಂಗಳೂರು ಹೆಂಚಿನ ಹೊದಿಕೆ ರೀಪು ಸಮೇತ ಸುಮಾರು 65 ಕೆಜಿ ಅಂದರೆ ಹೋಲಿಸಲು ಸುಲಭ.

ಒಂದು ಪಕಾಸಿನ ಪಾಲಿಗೆ 675 ಕೆಜಿ ಬರುತ್ತದೆ. ನೆತ್ತಿಯಲ್ಲೂ ಗೋಡೆಯಲ್ಲೂ ಆಧಾರ ಇದ್ದರೆ, 302ರ ಬೀಮು ಬಾಗುವಾಗ ನಡುಮಧ್ಯದಲ್ಲಿ ಮೇಲ್ಪಟ್ಟಿಯನ್ನು ಸುಮಾರು 1,440 ಕೆಜಿ ಬಲ ಹಿಂಡುತ್ತದೆ. ಕೆಳಪಟ್ಟಿಯನ್ನು ಅಷ್ಟೇ ಬಲ ಎಳೆಯುತ್ತದೆ. ಒಂದು ಸಣ್ಣ ಕಾರನ್ನು ಆ ಪಟ್ಟಿಗೆ ನೇತುಹಾಕಿದ ಹಾಗೆ. ಈ ಅಂಕಿ ನೆನಪಿರಲಿ, ಗರಗಸ ಹಿಡಿದಾಗ ಬೇಕಾಗುತ್ತದೆ.

ಪಕಾಸು ಗೋಡೆಯನ್ನು ದೂಡುವುದು ಯಾಕೆ?

ಎರಡು ಇಸ್ಪೀಟು ಎಲೆಯನ್ನು ಒಂದಕ್ಕೊಂದು ಒರಗಿಸಿ ಮೇಜಿನ ಮೇಲೆ ನಿಲ್ಲಿಸಿ. ಮೇಲಿನಿಂದ ಬೆರಳಲ್ಲಿ ಒತ್ತಿ. ಕಾಲು ಜಾರಿ ಎರಡೂ ಅಗಲವಾಗುತ್ತವೆ. ಮಾಡಿನಲ್ಲೂ ಇದೇ ಕತೆ. ಎದುರುಬದುರು ಪಕಾಸುಗಳು ನೆತ್ತಿಯಲ್ಲಿ ಒಂದಕ್ಕೊಂದು ಒರಗಿ ನಿಂತರೆ ಅವುಗಳ ಕಾಲು ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ನಮ್ಮ ಲೆಕ್ಕದ ಮನೆಯಲ್ಲಿ ಒಂದೊಂದು ಜೋಡಿ ಪಕಾಸೂ ಗೋಡೆಯನ್ನು 675 ಕೆಜಿ ಬಲದಲ್ಲಿ ದೂಡುತ್ತದೆ. ಮಾಡು ಚಪ್ಪಟೆಯಾದಷ್ಟೂ ಇದು ಜಾಸ್ತಿ. ಇಳಿಜಾರನ್ನು 12ಕ್ಕೆ 3 ಮಾಡಿದರೆ ದೂಡುವ ಬಲ ನೇರ ಎರಡು ಪಟ್ಟು, 1,350 ಕೆಜಿ. ಕಡಿದಾದ ಮಾಡಿಗಿಂತ ಚಪ್ಪಟೆ ಮಾಡು ಸೇಫ್ ಅನ್ನುವ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ.

ಗಟ್ಟಿ ಮರದ ಪಕಾಸಿನ ಮನೆಯಲ್ಲಿ ಇದಕ್ಕೆ ಹಳೇ ಉಪಾಯ ಇದೆ. ಗೋಡೆಯಿಂದ ಗೋಡೆಗೆ ಅಡ್ಡಮರ ಹಾಕಿ, ಅದರ ತುದಿಯನ್ನು ಪಕಾಸಿನ ಕಾಲಿಗೆ ಬಲವಾಗಿ ಮೊಳೆ ಹೊಡೆದು ಕಟ್ಟುತ್ತಾರೆ. ದೂಡುವ ಬಲವನ್ನು ಅಡ್ಡಮರ ಎಳೆದು ಹಿಡಿಯುತ್ತದೆ. ಮಾಡು ಒಂದು ತ್ರಿಕೋನವಾಗುತ್ತದೆ, ತ್ರಿಕೋನ ಅಲುಗುವುದಿಲ್ಲ. ಆಗ ನೆತ್ತಿಯಲ್ಲಿರುವ ಹಲಗೆಗೆ ಹೆಚ್ಚಿನ ಕೆಲಸವೇ ಇಲ್ಲ. ಎರಡು ಕಡೆಯ ಪಕಾಸು ಒರಗಲು ಒಂದು ಜಾಗ, ಅಷ್ಟೇ.

ಐ-ಬೀಮ್ ಸೋಲುವುದು ಇಲ್ಲೇ. ಅದರ ಕಾಲಿಗೆ 675 ಕೆಜಿ ಎಳೆತ ತಡೆಯುವ ಮೊಳೆ ಎಲ್ಲಿ ಹೊಡೆಯುತ್ತೀರಿ? ನಡುಹಲಗೆ 9.5 ಮಿಲಿಮೀಟರ್ ದಪ್ಪ, ಮೊಳೆ ಹಿಡಿಯುವುದಿಲ್ಲ. ಪಟ್ಟಿ 38 ಮಿಲಿಮೀಟರ್ ಎತ್ತರ, ಅಲ್ಲಿ ಸಾಲು ಮೊಳೆ ಬಡಿದರೆ ಸೀಳುತ್ತದೆ. ಗಟ್ಟಿ ಮರದ ಪಕಾಸಿಗೆ ಇರುವ ಅಗಲವಾದ ಕೆನ್ನೆ ಇದಕ್ಕಿಲ್ಲ. ಐ-ಬೀಮಿಗೆ ಗೊತ್ತಿರುವುದು ಒಂದೇ ಕೆಲಸ: ಎರಡು ಆಧಾರದ ಮೇಲೆ ಕೂತು ಬಾಗುವುದು. ಒರಗಿ ನಿಲ್ಲು, ಎಳೆದು ಹಿಡಿ ಅಂದರೆ ಅದರಿಂದ ಆಗದು.

ಹಾಗಾಗಿ ನೆತ್ತಿಯ ಹಲಗೆ ನಿಜವಾದ ತೊಲೆಯಾಗಬೇಕು. ಪಕಾಸಿನ ಮೇಲ್ತುದಿ ಅದರ ಮೇಲೆ ಕೂರಬೇಕು, ಇಲ್ಲವೇ ಅದಕ್ಕೆ ನೇತುಬೀಳಬೇಕು. ಮೇಲ್ತುದಿ ಕೆಳಗಿಳಿಯದಿದ್ದರೆ ಕಾಲು ಹೊರಗೆ ಜಾರುವುದಿಲ್ಲ. ಇಸ್ಪೀಟು ಎಲೆಗಳ ನೆತ್ತಿಯ ಕೆಳಗೆ ಒಂದು ಪೆನ್ಸಿಲ್ಲನ್ನು ಅಡ್ಡ ಹಿಡಿದ ಹಾಗೆ. ನಮ್ಮ ಹಳೇ ಹೆಂಚಿನ ಮನೆಗಳಲ್ಲೂ ಇದೇ ಬುದ್ಧಿಯನ್ನು ಎಷ್ಟೋ ಕಡೆ ಕಾಣಬಹುದು. ನಡುಗೋಡೆಯನ್ನು ನೆತ್ತಿಯವರೆಗೆ ಏರಿಸಿರುತ್ತಾರೆ, ಇಲ್ಲವೇ ಅಡ್ಡತೊಲೆಯ ಮೇಲೆ ಒಂದು ಕುಳ್ಳು ಕಂಬ ನಿಲ್ಲಿಸಿ ನೆತ್ತಿಮರ ಹೊರಿಸಿರುತ್ತಾರೆ.

ಈಗ ಭಾರ ಎಲ್ಲಿಗೆ ಹೋಯಿತು ನೋಡಿ. ಪ್ರತಿ ಪಕಾಸು ತನ್ನ ಭಾರದ ಅರ್ಧವನ್ನು ಗೋಡೆಗೆ ಕೊಡುತ್ತದೆ, ಅರ್ಧವನ್ನು ನೆತ್ತಿಗೆ. ಎರಡೂ ಇಳಿಜಾರಿನದು ಸೇರಿದರೆ ಇಡೀ ಮಾಡಿನ ಅರ್ಧ ಭಾರ ನೆತ್ತಿ ತೊಲೆಯ ತಲೆಗೆ! ನಮ್ಮ ಮನೆಯಲ್ಲಿ ಮೀಟರಿಗೆ 1,125 ಕೆಜಿ. ಮನೆಯ ಎರಡು ತುದಿಯ ತ್ರಿಕೋನ ಗೋಡೆಯಲ್ಲಿ ಒಂದೊಂದು ಕಂಬ, ನಡುವೆ ಒಂದು ಕಂಬ ಇಟ್ಟು ತಲಾ 6 ಮೀಟರಿನ ಎರಡು ತೊಲೆ ಹಾಕಿದರೆ, ತುದಿಯ ಕಂಬಕ್ಕೆ 3,375 ಕೆಜಿ. ನಡುಕಂಬಕ್ಕೆ ಅದರ ಎರಡರಷ್ಟು, 6,750 ಕೆಜಿ. ಈ ಕಂಬ ಮಹಡಿಯ ಹಲಗೆಯ ಮೇಲೆ ಸುಮ್ನೆ ನಿಲ್ಲುವ ಹಾಗಿಲ್ಲ. ಅದರ ಕೆಳಗೆ ಕಂಬ, ಅದರ ಕೆಳಗೆ ಪಾಯ, ಪಾಯದಲ್ಲಿ ಅದಕ್ಕೇ ಅಂತ ದಪ್ಪ ಕಾಂಕ್ರೀಟು ಬೇಕು. ಹಳೇ ಮನೆಯ ಮಾಡು ಬಿಚ್ಚಿ ಐ-ಬೀಮ್ ಹಾಕಲು ಹೊರಟವರು ಮರೆಯುವುದು ಇದನ್ನೇ. ಮಾಡು ಬದಲಿಸಿದರೆ ನೆಲದವರೆಗೆ ಲೆಕ್ಕ ಬದಲಾಗುತ್ತದೆ.

ತೊಲೆ ಮುರಿಯದಿದ್ದರೆ ಸಾಲದು, ಜೋಲಲೂಬಾರದು. 12ಕ್ಕೆ 6ರ ಇಳಿಜಾರಿನಲ್ಲಿ ನೆತ್ತಿ 20 ಮಿಲಿಮೀಟರ್ ಇಳಿದರೆ ಎರಡೂ ಗೋಡೆಗಳ ತಲೆ ತಲಾ 10 ಮಿಲಿಮೀಟರ್ ಹೊರಗೆ ಹೋಗಲು ನೋಡುತ್ತದೆ. ಆದ್ದರಿಂದಲೇ ನೆತ್ತಿಗೆ ಎಲ್‌ವಿಎಲ್ ಹಲಗೆಗಳನ್ನು ಎರಡು ಮೂರು ಸೇರಿಸಿ ಎತ್ತರದ ತೊಲೆ ಮಾಡುತ್ತಾರೆ. ಅದರ ಅಳತೆ ನಿರ್ಧರಿಸುವುದು ಎಂಜಿನಿಯರ್ ಕೆಲಸ. ಪಕಾಸಿನ ಅಳತೆಯನ್ನು ಕಂಪನಿಯ ಕೋಷ್ಟಕ ನೋಡಿ ಆರಿಸಬಹುದು, ನೆತ್ತಿ ತೊಲೆಯನ್ನು ಅಂದಾಜಿನಲ್ಲಿ ಆರಿಸಬೇಡಿ.

ಗರಗಸ ಎಲ್ಲಿ ಮುಟ್ಟಬಹುದು

ಪಕಾಸು ಓರೆ, ಗೋಡೆಯ ತಲೆ ಮಟ್ಟಸ. ಓರೆಯ ಮರ ಮಟ್ಟಸದ ಮೇಲೆ ಕೂರಬೇಕಾದರೆ ಒಂದು ಕಚ್ಚು ತೆಗೆಯಬೇಕು. ಇಂಗ್ಲಿಷ್ ಬಡಗಿಗಳು ಈ ಕಚ್ಚನ್ನು ಹಕ್ಕಿಬಾಯಿ ಅನ್ನುತ್ತಾರೆ. ನೋಡಲು ತೆರೆದ ಕೊಕ್ಕಿನ ಹಾಗೇ ಇರುತ್ತದೆ. ಗಟ್ಟಿ ಮರದಲ್ಲಿ ಬಡಗಿ ಎಲ್ಲಿ ಬೇಕಾದರೂ ಸ್ವಲ್ಪ ಧೈರ್ಯವಾಗಿ ಕಚ್ಚು ತೆಗೆಯುತ್ತಾನೆ. ಐ-ಬೀಮಿನಲ್ಲಿ ಕಚ್ಚು ಅಂದರೆ ಕೆಳಪಟ್ಟಿಯನ್ನೇ ಕತ್ತರಿಸುವುದು. ನಡುಮಧ್ಯದಲ್ಲಿ 1,440 ಕೆಜಿ ಎಳೆತ ಹೊತ್ತಿರುವುದು ಅದೇ ಪಟ್ಟಿ.

ಆದರೂ ಗೋಡೆಯ ಮೇಲೆ ಕಚ್ಚು ತೆಗೆಯಲು ಕಂಪನಿಗಳು ಒಪ್ಪುತ್ತವೆ, ನೆತ್ತಿಯ ಮೇಲೆ ಒಪ್ಪುವುದಿಲ್ಲ. ಇದು ಯಾಕೆ ಅಂತ ಎಷ್ಟೋ ಜನ ಕೇಳುವುದೇ ಇಲ್ಲ, ನಿಯಮ ಅಂತ ಪಾಲಿಸುತ್ತಾರೆ. ಕಾರಣ ಚೆನ್ನಾಗಿದೆ, ಕಾಗದದ ಮೇಲೆ ಒಂದು ಓರೆಗೆರೆ ಎಳೆದು ನೋಡಿ. ಗೋಡೆಯ ಹತ್ತಿರ ಪಕಾಸು ಹೊರಕ್ಕೆ ಹೋದಷ್ಟೂ ಕೆಳಗಿಳಿಯುತ್ತದೆ. ಹಾಗಾಗಿ ಮಟ್ಟಸದ ಕಚ್ಚು ಕೊಯ್ಯುವುದು ಗೋಡೆಯ ಮೇಲಿನ ಮತ್ತು ಹೊರಗಿನ ಭಾಗವನ್ನು. ಮನೆಯೊಳಗಿನ ಪೂರಾ ಉದ್ದಕ್ಕೆ ಕೆಳಪಟ್ಟಿ ಹಾಗೇ ಉಳಿಯುತ್ತದೆ. ಗೋಡೆಯ ಮೇಲೆ ಬರುವಷ್ಟರಲ್ಲಿ ಪಟ್ಟಿಯ ಎಳೆತವೂ ಸೊನ್ನೆಗೆ ಇಳಿದಿರುತ್ತದೆ. ನೆತ್ತಿಯಲ್ಲಿ ಇದು ಉಲ್ಟಾ. ಅಲ್ಲಿ ಇಳಿಜಾರಿನ ಕೆಳಗಿನ ಕಡೆ ಅಂದರೆ ಮನೆಯೊಳಗಿನ ಕಡೆ. ಮಟ್ಟಸದ ಕಚ್ಚು ತೊಲೆಯ ಆಚೆಗೆ, ಮನೆಯೊಳಗೆ ಚಾಚಿದ ಕೆಳಪಟ್ಟಿಯನ್ನೇ ಕೊಯ್ಯುತ್ತದೆ. ಆಮೇಲೆ ಪಕಾಸು ಆ ತೆಳು ನಡುಹಲಗೆಯ ಮೇಲೆ ಕೂತ ಹಾಗೆ. ಚಕ್ಕೆ ಹಲಗೆ ಸೀಳಿಕೊಂಡು ಹೋಗುತ್ತದೆ.

ಗೋಡೆಯ ಕಚ್ಚಿಗೂ ಇದೇ ಕಾರಣಕ್ಕೆ ಒಂದು ಮಿತಿ ಇದೆ. ಅದು ಗೋಡೆಯ ಒಳಮುಖವನ್ನು ದಾಟಿ ಮನೆಯೊಳಗೆ ಬರಬಾರದು. ಕೆಳಪಟ್ಟಿ ಪ್ಲೇಟಿನ ಮೇಲೆ, ಅಂದರೆ ಗೋಡೆಯ ತಲೆಗೆ ಮಲಗಿಸಿದ ಮರದ ಮೇಲೆ, ಪೂರ್ತಿ ಊರಿರಬೇಕು. ಒಂದು ಬೆರಳಗಲ ಹೆಚ್ಚು ಕೊಯ್ದ ಪಕಾಸನ್ನು ಬಿಸಾಡುವುದೇ ಲೇಸು. ಕಚ್ಚಿನ ತಲೆನೋವೇ ಬೇಡ ಅಂದರೆ ಪ್ಲೇಟಿನ ಮೇಲೆ ಇಳಿಜಾರಿಗೆ ಸರಿಯಾಗಿ ಓರೆ ಕೊಯ್ದ ಮರದ ಪಟ್ಟೆ ಹಾಕಬಹುದು, ಅಥವಾ ಇಳಿಜಾರಿಗೆ ಹೊಂದಿಸಿಕೊಳ್ಳುವ ಲೋಹದ ಪೀಠ ಸಿಗುತ್ತದೆ. ನನ್ನನ್ನು ಕೇಳಿದರೆ ಲೋಹದ ಪೀಠವೇ ವಾಸಿ. ದುಡ್ಡು ಸ್ವಲ್ಪ ಜಾಸ್ತಿ, ಆದರೆ ಪಕಾಸಿಗೆ ಗರಗಸವೇ ಮುಟ್ಟುವುದಿಲ್ಲ.

ನೆತ್ತಿಯಲ್ಲಿ ಸಾಮಾನ್ಯವಾಗಿ ಎರಡು ದಾರಿ. ಪಕಾಸಿನ ತುದಿಯನ್ನು ತೂಗುಗುಂಡಿನ ನೇರಕ್ಕೆ ಕೊಯ್ದು ತೊಲೆಯ ಕೆನ್ನೆಗೆ ಲೋಹದ ಹ್ಯಾಂಗರ್‌ನಲ್ಲಿ ಕೂರಿಸುವುದು ಒಂದು. ಹ್ಯಾಂಗರ್ ಇಳಿಜಾರಿಗೆ ಬಾಗುವಂಥದ್ದು ಇರಬೇಕು. ತೊಲೆಯ ತಲೆಗೆ ಓರೆ ಪಟ್ಟೆ ಹಾಕಿ ಪಕಾಸನ್ನು ಅದರ ಮೇಲೆ ಕೂರಿಸುವುದು ಇನ್ನೊಂದು. ಇಳಿಜಾರು ಕಡಿದಾದರೆ ಪಕಾಸು ಕೆಳಕ್ಕೆ ಜಾರದಂತೆ ಎದುರುಬದುರು ಪಕಾಸುಗಳನ್ನು ನೆತ್ತಿಯ ಮೇಲಿಂದ ಲೋಹದ ಪಟ್ಟಿಯಲ್ಲಿ ಬಿಗಿಯುತ್ತಾರೆ. ಹ್ಯಾಂಗರ್ ಹಾಕುವಲ್ಲಿ ನಡುಹಲಗೆಯ ಎರಡೂ ಪಕ್ಕಕ್ಕೆ ಒತ್ತುಹಲಗೆ ತುಂಬಬೇಕು. ಅದಿಲ್ಲದಿದ್ದರೆ ಹ್ಯಾಂಗರಿನ ಪಕ್ಕದ ಮೊಳೆಗೆ ಹಿಡಿಯಲು ಏನೂ ಇರುವುದಿಲ್ಲ. ಒತ್ತುಹಲಗೆ ಕೆಳಪಟ್ಟಿಗೆ ತಾಗಿರಬೇಕು, ಮೇಲ್ಪಟ್ಟಿಗೆ ಸುಮಾರು 3 ಮಿಲಿಮೀಟರ್ ಸಂದು ಬಿಡಬೇಕು. ಬಿಗಿಯಾಗಿ ಗುದ್ದಿ ಸೇರಿಸಿದರೆ ಅದು ಎರಡು ಪಟ್ಟಿಗಳನ್ನೂ ನಡುಹಲಗೆಯಿಂದ ಕೀಳಲು ನೋಡುತ್ತದೆ. ಹ್ಯಾಂಗರಿನಲ್ಲಿ ಎಷ್ಟು ತೂತಿಗೆ ಮೊಳೆ ಬೇಕು ಅಂತ ಬರೆದಿದೆಯೋ ಅಷ್ಟಕ್ಕೂ ಹೊಡೆಯಿರಿ. ನಾಲ್ಕು ಮೊಳೆ ಉಳಿಸಿ ಯಾರೂ ಮನೆ ಕಟ್ಟಿಲ್ಲ.

ನಡುಹಲಗೆಯಲ್ಲಿ ತೂತು ಕೊರೆಯಬಹುದಾ? ಕೊರೆಯಬಹುದು, ದೊಡ್ಡದನ್ನೇ. ಆದರೆ ಇದರ ಲೆಕ್ಕ ಪಟ್ಟಿಯ ಲೆಕ್ಕಕ್ಕೆ ತಿರುಗುಮುರುಗು. ಪಟ್ಟಿಗೆ ಕಷ್ಟ ನಡುಮಧ್ಯದಲ್ಲಿ. ನಡುಹಲಗೆಗೆ ಕಷ್ಟ ಆಧಾರದ ಹತ್ತಿರ, ಯಾಕಂದರೆ ಭಾರವನ್ನು ಆಧಾರಕ್ಕೆ ಇಳಿಸುವುದು ಅದೇ. ಆದ್ದರಿಂದ ಪೈಪಿನ ದೊಡ್ಡ ತೂತು ನಡುಮಧ್ಯದ ಆಸುಪಾಸಿನಲ್ಲಿ ಇರಲಿ, ಗೋಡೆ ಮತ್ತು ನೆತ್ತಿಯ ಹತ್ತಿರ ಬೇಡ. ವೈರಿಗೆ ಅಂತ ಕೆಲವು ಬೀಮುಗಳಲ್ಲಿ ಕಾರ್ಖಾನೆಯಲ್ಲೇ ಸಣ್ಣ ತೂತಿನ ಗುರುತು ಒತ್ತಿರುತ್ತಾರೆ, ಸುತ್ತಿಗೆಯಲ್ಲಿ ತಟ್ಟಿದರೆ ಬಿಲ್ಲೆ ಬಿದ್ದುಹೋಗುತ್ತದೆ.

ಹೊದಿಕೆ ಬೀಳುವವರೆಗೂ ನಂಬಬೇಡಿ

ಪ್ಲಾಸ್ಟಿಕ್ ಸ್ಕೇಲನ್ನು ನಿಲ್ಲಿಸಿ ಎರಡು ತುದಿಯಿಂದ ಒತ್ತಿ. ಅದು ಮುರಿಯುವುದಿಲ್ಲ, ಪಕ್ಕಕ್ಕೆ ಬಳುಕುತ್ತದೆ. ಹಿಂಡಿಕೊಳ್ಳುವ ಮೇಲ್ಪಟ್ಟಿಗೂ ಅದೇ ಚಾಳಿ. ಮಾಡಿನ ಹಲಗೆ ಹೊದಿಸಿ ಮೊಳೆ ಹೊಡೆದ ಮೇಲೆ ಪಟ್ಟಿ ಪಕ್ಕಕ್ಕೆ ಹೋಗಲಾರದು. ಅಲ್ಲಿಯವರೆಗೆ ಸಾಲಾಗಿ ನಿಂತ ಐ-ಬೀಮುಗಳು ಒಂದೇ ತಳ್ಳಿಗೆ ಡಾಮಿನೊ ಕಾಯಿಗಳ ಹಾಗೆ ಉರುಳಬಹುದು, ಮೇಲೆ ನಿಂತ ಕೆಲಸಗಾರನ ಸಮೇತ. ಅದಕ್ಕೇ ಪಕಾಸು ಏರಿಸುತ್ತಿದ್ದ ಹಾಗೆ ಗೋಡೆಯ ಮೇಲೆ ಮತ್ತು ನೆತ್ತಿಯಲ್ಲಿ ಎರಡು ಪಕಾಸಿನ ನಡುವೆ ಅಡ್ಡತುಂಡು ಹಾಕಬೇಕು. ಮೇಲ್ಪಟ್ಟಿಗಳಿಗೆ ಅಡ್ಡಡ್ಡವಾಗಿ ರೀಪು ಹೊಡೆದು, ಅದನ್ನು ಗಟ್ಟಿಯಾದ ತುದಿಗೋಡೆಗೆ ಕಟ್ಟಬೇಕು. ಹೊದಿಕೆ ಬಂದ ಹಾಗೆ ಆ ರೀಪು ಬಿಚ್ಚುತ್ತಾ ಹೋದರಾಯಿತು. ಲಾರಿಯಿಂದ ಇಳಿಸುವಾಗಲೂ ಐ-ಬೀಮನ್ನು ಮಲಗಿಸಬೇಡಿ, ನಿಂತ ಭಂಗಿಯಲ್ಲೇ ಹಿಡಿಯಿರಿ.

ಸೂರಿನ ಚಾಚು ಇನ್ನೊಂದು ತಕರಾರು. ಐ-ಬೀಮಿಗೆ ಮಳೆ ಆಗದು, ಚಕ್ಕೆ ಹಲಗೆ ನೀರು ಕುಡಿದು ಊದುತ್ತದೆ. ಹಾಗಾಗಿ ಗೋಡೆಯಿಂದ ಹೊರಗೆ ಕಾಣುವ ಚಾಚಿಗೆ ಬೀಮಿನ ಪಕ್ಕಕ್ಕೆ ಗಟ್ಟಿ ಮರದ ಬಾಲ ಸೇರಿಸಿ ಅದನ್ನು ಹೊರಗೆ ಬಿಡುವುದು ರೂಢಿ. ಗಾಳಿ ಮಾಡನ್ನು ಮೇಲಕ್ಕೆ ಎಳೆಯುವುದರಿಂದ ಪ್ರತಿ ಪಕಾಸಿನ ಕಾಲನ್ನೂ ಲೋಹದ ಪಟ್ಟಿಯಲ್ಲಿ ಗೋಡೆಗೆ ಬಿಗಿಯುತ್ತಾರೆ. ಹಗುರ ಮಾಡಿಗೆ ಇದು ಹೆಚ್ಚು ಮುಖ್ಯ.

ಇಷ್ಟೆಲ್ಲ ತಲೆಬಿಸಿ ಯಾಕೆ?

ಚಳಿ. ಮೈನಸ್ ಇಪ್ಪತ್ತರ ಊರಿನಲ್ಲಿ ಮಾಡಿನೊಳಗೆ ಒಂದಡಿಗೂ ಹೆಚ್ಚು ದಪ್ಪದ ಶಾಖ ತಡೆಯುವ ಹತ್ತಿಯಂಥ ವಸ್ತು ತುಂಬಬೇಕು. ಅಷ್ಟು ದಪ್ಪಕ್ಕೆ ಜಾಗ ಕೊಡಲು ಪಕಾಸೂ ಅಷ್ಟು ಎತ್ತರ ಇರಬೇಕು. 400 ಮಿಲಿಮೀಟರ್ ಎತ್ತರದ ಇಡೀ ಮರ ಸಿಗುವುದು ಕಷ್ಟ. ಸಿಕ್ಕರೂ ಒಣಗುವಾಗ ತಿರುಚುತ್ತದೆ. ಐ-ಬೀಮು ನೇರವಾಗಿ ಬರುತ್ತದೆ, ನೇರವಾಗೇ ಇರುತ್ತದೆ. ಇನ್ನೊಂದು ಲಾಭ ಸೂಕ್ಷ್ಮದ್ದು. ಮರದ ಮೂಲಕವೂ ಶಾಖ ಸೋರುತ್ತದೆ. 38 ಮಿಲಿಮೀಟರ್ ದಪ್ಪದ ಗಟ್ಟಿ ಪಕಾಸು ಒಳಗಿನಿಂದ ಹೊರಗಿನವರೆಗೆ ಒಂದೇ ಸೇತುವೆ. ಐ-ಬೀಮಿನಲ್ಲಿ ಆ ಸೇತುವೆ ಬಹುಪಾಲು ಉದ್ದಕ್ಕೆ ಕಾಲು ಭಾಗ ಮಾತ್ರ. ಜರ್ಮನಿಯ ಡಾರ್ಮ್‌ಸ್ಟಾಟ್ ಊರಿನ ಕ್ರಾನಿಷ್‌ಟೈನ್‌ನಲ್ಲಿ 1991ರಲ್ಲಿ ಜನ ಬಂದು ನೆಲೆಸಿದ ಮೊದಲ ಪ್ಯಾಸಿವ್ ಹೌಸ್ (ಬೆಚ್ಚಗಿಡಲು ತೀರಾ ಕಮ್ಮಿ ಶಾಖ ಸಾಕಾಗುವ) ಮನೆಗಳ ಮಾಡಿನಲ್ಲೂ ಹಾರ್ಡ್‌ಬೋರ್ಡ್ ನಡುವಿನ ಮರದ ಐ-ಬೀಮುಗಳಿವೆ. ಅವುಗಳ ನಡುವಿನ 445 ಮಿಲಿಮೀಟರ್ ಜಾಗಕ್ಕೆ ಖನಿಜದ ಉಣ್ಣೆಯನ್ನು ಊದಿ ತುಂಬಿದ್ದಾರೆ, ಮೇಲೆ ಹುಲ್ಲು ಬೆಳೆಸಿದ್ದಾರೆ.

ಊದಿ ತುಂಬುವುದಕ್ಕೆ ಒಂದು ಕಾರಣ ಇದೆ. ಗಟ್ಟಿ ಮರದ ಪಕಾಸಿಗೆ ಅಂತ ಕತ್ತರಿಸಿದ ಉಣ್ಣೆಯ ಹಾಸಿಗೆಯನ್ನು ಇಲ್ಲಿ ತುರುಕಿದರೆ ಪಟ್ಟಿಗಳ ನಡುವೆ ಸರಿಹೋಗುತ್ತದೆ, ಆದರೆ ನಡುಹಲಗೆಯ ಪಕ್ಕದಲ್ಲಿ ಉದ್ದಕ್ಕೂ ಖಾಲಿ ಕೊಳವೆ ಉಳಿಯುತ್ತದೆ. ತಣ್ಣನೆ ಗಾಳಿಗೆ ಅದು ರಾಜಬೀದಿ. ಹಾಸಿಗೆಯೇ ಹಾಕುವುದಾದರೆ ನಡುಹಲಗೆಯಿಂದ ನಡುಹಲಗೆಗೆ ಮುಟ್ಟುವ ಅಗಲದ್ದು ತರಿಸಬೇಕು.

ಮನೆಯೊಳಗಿನ ಅಡುಗೆ, ಸ್ನಾನದ ಹಬೆ ಮೇಲೇರಿ ತಣ್ಣನೆಯ ಹೊದಿಕೆಗೆ ತಾಗಿದರೆ ನೀರಾಗುತ್ತದೆ. ವರ್ಷಗಟ್ಟಲೆ ಹೀಗಾದರೆ ಹೊದಿಕೆ ಕೊಳೆಯುತ್ತದೆ. ಒಳಗಡೆ ಗಾಳಿಯಾಡದ ಹಾಳೆ ಬಿಗಿಯಾಗಿ ಅಂಟಿಸುವುದು ಮೊದಲ ರಕ್ಷೆ. ಹೊದಿಕೆಯ ಕೆಳಗೆ ಒಂದೆರಡು ಇಂಚು ಗಾಳಿಸಂದು ಬಿಟ್ಟು, ಸೂರಿನಲ್ಲಿ ಗಾಳಿ ಹೊಕ್ಕು ನೆತ್ತಿಯಲ್ಲಿ ಹೊರಡುವ ಹಾಗೆ ಮಾಡುವುದು ಎರಡನೆಯದು. ಗೋಡೆಯ ಮೇಲಿನ ಅಡ್ಡತುಂಡು ಈ ದಾರಿಗೆ ಅಡ್ಡ ಬರುತ್ತದೆ, ಅಲ್ವಾ? ಅದಕ್ಕೇ ಅದರ ತಲೆಯಲ್ಲಿ ಇಂಗ್ಲಿಷಿನ ವಿ ಆಕಾರದ ಕಚ್ಚು ತೆಗೆಯುತ್ತಾರೆ. ಬೆಂಕಿಯ ಮಾತೂ ಇದೆ. ತೆಳು ನಡುಹಲಗೆ ದಪ್ಪ ಮರಕ್ಕಿಂತ ಬೇಗ ಸುಟ್ಟುಹೋಗುತ್ತದೆ. ಆದ್ದರಿಂದ ಕೆಳಗಿನಿಂದ ಜಿಪ್ಸಮ್ ಹಲಗೆ ಮುಚ್ಚದೆ ಐ-ಬೀಮನ್ನು ಅಂದಕ್ಕಾಗಿ ತೆರೆದಿಡುವುದು ನನಗಂತೂ ಒಪ್ಪಿಗೆಯಿಲ್ಲ.

ಇದನ್ನು ತೀರ್ಥಹಳ್ಳಿಗೋ ಸುಳ್ಯಕ್ಕೋ ತರಬಹುದಾ ಅಂದರೆ, ತರುವ ಅಗತ್ಯ ಕಾಣುವುದಿಲ್ಲ. ತಿಂಗಳುಗಟ್ಟಲೆ ಮಳೆ, ಗೆದ್ದಲು, ಸಂದಿನಲ್ಲಿ ಗಾಳಿ ಆಡುವ ಹೆಂಚು. ಐ-ಬೀಮ್ ಕೇಳುವುದು ಒಣ ಜಾಗ. ಅದು ಕೊಡುವ ಮುಖ್ಯ ಲಾಭ ಚಳಿ ತಡೆಯುವುದು, ನಮಗೆ ಅದು ಬೇಕಿಲ್ಲ. ಆದರೆ ಟೊರೊಂಟೊ, ಮಿನಿಯಾಪೊಲಿಸ್ ಕಡೆ ಮನೆ ಕೊಂಡ ಕನ್ನಡಿಗರಿಗೆ ಇದು ಅವರದೇ ತಲೆಯ ಮೇಲಿನ ವಿಷಯ ಇರಬಹುದು. ಬಚ್ಚಲಿನ ಫ್ಯಾನಿಗೆ ಕೊಳವೆ ಹಾಕಲು, ಮಾಡಿನಲ್ಲಿ ಗಾಜಿನ ಕಿಟಕಿ ತೆರೆಯಲು ಯಾರನ್ನಾದರೂ ಕರೆದಾಗ, ಒಳಗಿನ ಪಕಾಸು ಯಾವುದು ಅಂತ ಮೊದಲು ನೋಡಲು ಹೇಳಿ. ಐ-ಬೀಮಾದರೆ ನಡುಹಲಗೆಯ ಮೇಲೆ ಕಂಪನಿಯ ಹೆಸರು, ಮಾದರಿಯ ಸಂಖ್ಯೆ ಅಚ್ಚಾಗಿರುತ್ತದೆ. ಆ ಸಂಖ್ಯೆಯ ಕೈಪಿಡಿಯಲ್ಲಿ ಎಷ್ಟು ದೊಡ್ಡ ತೂತು, ಆಧಾರದಿಂದ ಎಷ್ಟು ದೂರ ಅನ್ನುವ ಕೋಷ್ಟಕ ಇರುತ್ತದೆ. ಪಟ್ಟಿಯನ್ನು ಎಷ್ಟು ಕತ್ತರಿಸಬಹುದು ಅನ್ನುವ ಕೋಷ್ಟಕ ಮಾತ್ರ ಅದರಲ್ಲಿ ಇರುವುದಿಲ್ಲ.